ಹನುಮಪ್ಪನ ಗುಡಿಯ ಕಲ್ಲು ಮತ್ತು ನನ್ನ ಬಿ.ಎ.

2022ರಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ವಿಜ್ಞಾನ ವಿಭಾಗದಲ್ಲಿ ನೂರಕ್ಕೆ ಐವತ್ತನಾಲ್ಕರಷ್ಟು ಅಂಕಗಳು ಬಂದಿದ್ದವು, ಭೌತಶಾಸ್ತ್ರದಲ್ಲಿ ಮಾತ್ರ ದಡ ಮುಟ್ಟಿದ್ದೇ ದೊಡ್ಡದು ಎನ್ನುವಂತಿತ್ತು. ಹಾವೇರಿ ತಾಲೂಕಿನ ನಮ್ಮ ಊರಿನಲ್ಲಿ ಅಪ್ಪನಿಗೆ ನಾಲ್ಕು ಎಕರೆ ಎರೆಹೊಲವಿದೆ. ಒಂದು ವರ್ಷ ಗೋವಿನಜೋಳ, ಒಂದು ವರ್ಷ ಹತ್ತಿ, ಮಳೆ ಕೈಹಿಡಿದರೆ ಬ್ಯಾಡಗಿಯ ಮೆಣಸಿನಕಾಯಿ. ಆ ಹೊಲದ ಲೆಕ್ಕದಲ್ಲಿ ನನ್ನ ಮುಂದಿನ ಓದಿಗೆ ಎಷ್ಟು ಉಳಿಯುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿದ್ದುದರಿಂದ, ಖಾಸಗಿ ಕಾಲೇಜಿನ ಮಾತನ್ನು ಯಾರೂ ಎತ್ತಲಿಲ್ಲ. ನಾನು ಧಾರವಾಡಕ್ಕೆ ಹೋಗಿ ಬಿ.ಎ. ಓದುತ್ತೇನೆಂದಾಗ ಕಾಕಾ ಮಾತ್ರ ಬಾಯಿಬಿಟ್ಟು ಹೇಳಿದರು: “ಸೈನ್ಸ್ ಓದಿದಾಕಿ ಆರ್ಟ್ಸಿಗೆ ಹೊಂಟಾಳಂದ್ರ ಮಂದಿ ಏನಂದಾರು?” ಅಪ್ಪ ತಲೆ ಎತ್ತದೆಯೇ, “ಮಂದಿ ಫೀ ಕಟ್ಟಂಗಿಲ್ಲಲ್ಲ” ಎಂದರು. ನನ್ನ ಕಲಾ ವಿಭಾಗದ ಪ್ರವೇಶ ಹೀಗೆ ಎರಡು ವಾಕ್ಯಗಳಲ್ಲಿ ತೀರ್ಮಾನವಾಯಿತು.

ಪ್ರವೇಶದ ಅರ್ಜಿಯನ್ನು ತುಂಬಿದ್ದು ಹಾವೇರಿಯ ಒಂದು ಸೈಬರ್ ಅಂಗಡಿಯಲ್ಲಿ. ಆಗ ಹೊಸ ಶಿಕ್ಷಣ ನೀತಿ ರಾಜ್ಯದ ಪದವಿ ಕಾಲೇಜುಗಳಿಗೆ ಬಂದು ಒಂದು ವರ್ಷವಾಗಿತ್ತು. 2021–22ರಲ್ಲಿ ದೇಶದಲ್ಲಿಯೇ ಮೊದಲು ಅದನ್ನು ಜಾರಿಗೆ ತಂದದ್ದು ಕರ್ನಾಟಕ. ಯುಯುಸಿಎಂಎಸ್ ಎಂಬ ಜಾಲತಾಣದಲ್ಲಿ ಹೆಸರು, ಜಾತಿ, ಆದಾಯಗಳನ್ನೆಲ್ಲ ತುಂಬಿದ ಮೇಲೆ ಎರಡು ಪ್ರಧಾನ ವಿಷಯಗಳನ್ನು ಆರಿಸಿಕೊಳ್ಳಬೇಕಿತ್ತು. ಅಂಗಡಿಯ ಹುಡುಗ ಪರದೆಯತ್ತ ನೋಡುತ್ತ “ಯಾವ್ದು ಹಾಕ್ಲಿ ಅಕ್ಕಾ?” ಎಂದು ಕೇಳಿದ, ಹಿಂದೆ ಸಾಲು ನಿಂತಿತ್ತು, ಸರ್ವರ್ ಯಾವಾಗ ಕೈಕೊಡುವುದೋ ಎಂಬ ಆತುರ ಎಲ್ಲರಲ್ಲೂ ಇತ್ತು. ನಾನು ಇತಿಹಾಸ ಮತ್ತು ಕನ್ನಡ ಎಂದೆ. ಆ ಆಯ್ಕೆಗೆ ಒಲವು, ಆಸಕ್ತಿ ಎಂದೆಲ್ಲ ಈಗ ಬಣ್ಣ ಕಟ್ಟಬಹುದು. ನಿಜವೆಂದರೆ ಅರ್ಥಶಾಸ್ತ್ರದಲ್ಲಿ ಗಣಿತವಿರುತ್ತದೆಂದು ಯಾರೋ ಹೇಳಿದ್ದರು, ಇಂಗ್ಲಿಷ್ ಎಂದರೆ ಹೆದರಿಕೆಯಿತ್ತು.

ಧಾರವಾಡದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲಿನಲ್ಲಿ ಸೀಟು ಸಿಗುವವರೆಗೆ ಸಪ್ತಾಪುರದ ಒಂದು ಪಿಜಿಯಲ್ಲಿದ್ದೆ. ಸಪ್ತಾಪುರವನ್ನು ಕಂಡವರಿಗೆ ಅಲ್ಲಿಯ ಗಾಳಿ ಎಂಥದೆಂದು ಹೇಳಬೇಕಾಗಿಲ್ಲ. ಓಣಿ ಓಣಿಗೆ ಕೋಚಿಂಗ್ ಕೇಂದ್ರ, ಮೂಲೆ ಮೂಲೆಗೆ ಜೆರಾಕ್ಸ್ ಅಂಗಡಿ, ಅದರ ಪಕ್ಕ ಖಾನಾವಳಿ, ಗೋಡೆಯ ತುಂಬ ಆಯ್ಕೆಯಾದವರ ಭಾವಚಿತ್ರ. ನನ್ನ ಕೋಣೆಯಲ್ಲಿದ್ದ ಇಬ್ಬರು ಅಕ್ಕಂದಿರು ಪದವಿ ಮುಗಿಸಿ ಪಿಡಿಒ, ಎಫ್‌ಡಿಎ ಮೊದಲಾದ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿದ್ದರು. ಅವರ ಬಾಯಲ್ಲಿ ಇತಿಹಾಸವೆಂದರೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ವಿದ್ಯೆ. ರಾತ್ರಿ ಹನ್ನೊಂದರವರೆಗೆ ಒಬ್ಬರು ಕೇಳುವುದು, ಇನ್ನೊಬ್ಬರು ಹೇಳುವುದು. “ಮೊದಲ ಆಂಗ್ಲೋ–ಮರಾಠಾ ಯುದ್ಧ ಮುಗಿಸಿದ ಒಪ್ಪಂದ?” “ಸಾಲಬಾಯಿ, 1782.” ನಾನು ಹೊದ್ದುಕೊಂಡು ಮಲಗಿದಲ್ಲಿಯೇ ಅದನ್ನೆಲ್ಲ ಬಾಯಿಪಾಠ ಮಾಡಿದೆ. ಇತಿಹಾಸವೆಂದರೆ ಇಷ್ಟೇ ಆಗಿದ್ದರೆ ಭೌತಶಾಸ್ತ್ರಕ್ಕಿಂತ ಎಷ್ಟೋ ಸಲೀಸು ಎಂದುಕೊಂಡು ನಿಶ್ಚಿಂತಳಾಗಿದ್ದೆ.

ಮೊದಲ ಸೆಮಿಸ್ಟರಿನ ವೇಳಾಪಟ್ಟಿಯಲ್ಲಿ ಇತಿಹಾಸದ ಎರಡು ಪತ್ರಿಕೆ, ಐಚ್ಛಿಕ ಕನ್ನಡದ ಎರಡು ಪತ್ರಿಕೆ, ಭಾಷೆಗಳು ಎರಡು, ಬೇರೆ ವಿಭಾಗದಿಂದ ಆರಿಸಿಕೊಳ್ಳಬೇಕಾದ ಮುಕ್ತ ಐಚ್ಛಿಕ ಒಂದು, ಡಿಜಿಟಲ್ ಫ್ಲೂಯೆನ್ಸಿ, ಅದರ ಮೇಲೆ ಯೋಗ, ಆರೋಗ್ಯ ಇತ್ಯಾದಿ ಇದ್ದವು. ಡಿಜಿಟಲ್ ಫ್ಲೂಯೆನ್ಸಿ ಎಂಬ ವಿಷಯದಲ್ಲಿ ಕೃತಕ ಬುದ್ಧಿಮತ್ತೆ, ದತ್ತಾಂಶ ವಿಶ್ಲೇಷಣೆ ಮೊದಲಾದ ಮಾತುಗಳನ್ನು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕಲಿಸಿದರು. ಕಂಪ್ಯೂಟರುಗಳಿದ್ದ ಕೋಣೆಯ ಬೀಗದ ಕೈ ಯಾರ ಬಳಿಯಿತ್ತೋ ಆ ಸೆಮಿಸ್ಟರಿನಲ್ಲಿ ತಿಳಿಯಲೇ ಇಲ್ಲ. ತರಗತಿಯಲ್ಲಿ ಹೆಸರಿದ್ದವರು ತೊಂಬತ್ತು ಮಂದಿ, ಬರುತ್ತಿದ್ದವರು ಮೂವತ್ತು. ಉಳಿದವರಲ್ಲಿ ಕೆಲವರು ದುಡಿಯುತ್ತಿದ್ದರು, ಕೆಲವರು ಸಪ್ತಾಪುರದ ಕೋಚಿಂಗಿನಲ್ಲಿದ್ದರು, ಕೆಲವು ಹುಡುಗಿಯರು ಮದುವೆಯಾಗಿ ಪರೀಕ್ಷೆಗಷ್ಟೇ ಬರುತ್ತಿದ್ದರು. ಕಲಾ ವಿಭಾಗವೆಂದರೆ ಬೇರೆ ಯಾವುದಕ್ಕೂ ಸಲ್ಲದವರ ತಂಗುದಾಣ ಎಂಬ ಮಾತನ್ನು ನಾವೇ ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದೆವು. ಬೇರೆಯವರು ಹೇಳುವ ಮೊದಲು ನಾವೇ ಹೇಳಿಬಿಟ್ಟರೆ ನೋವು ಕಡಿಮೆ ಎಂಬ ಜಾಣತನವಿದ್ದೀತು.

ಪರೀಕ್ಷೆಗೆ ಮೂರು ವಾರ ಇರುವಾಗ ಜೆರಾಕ್ಸ್ ಅಂಗಡಿಯಿಂದ ಗೈಡು ತಂದೆ. ಬರೆಯುವ ಪರೀಕ್ಷೆಗೆ 60 ಅಂಕ, ಆಂತರಿಕಕ್ಕೆ 40. ಎರಡು ಅಂಕದ, ಐದು ಅಂಕದ, ಹತ್ತು ಅಂಕದ ಪ್ರಶ್ನೆಗಳಿಗೆ ಗೈಡಿನಲ್ಲಿ ಅಳೆದು ತೂಗಿದ ಉತ್ತರಗಳಿದ್ದವು. ಪರೀಕ್ಷೆಗೂ ಮುಂಚಿನ ಆಂತರಿಕ ಕಿರುಪರೀಕ್ಷೆಯಲ್ಲಿ ಇಮ್ಮಡಿ ಪುಲಿಕೇಶಿಯ ಮೇಲೆ ಪ್ರಶ್ನೆ ಬಂದಿತು. ಗೈಡನ್ನು ಒಂದಕ್ಷರ ಬಿಡದೆ ಇಳಿಸಿದೆ. ಮರುವಾರ ಇತಿಹಾಸದ ಮೇಡಂ ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಒಂದರಿಂದ ಒಂದು ಸಾಲನ್ನು ಓದಿದರು: “ರವಿಕೀರ್ತಿಯ ಐಹೊಳೆ ಶಾಸನವು 364ರಲ್ಲಿ ರಚಿತವಾಯಿತು.” ಎರಡನೆಯದರಿಂದಲೂ ಅದೇ ಸಾಲು. ಮೂರನೆಯದೂ, ನಾಲ್ಕನೆಯದೂ ಹಾಗೆಯೇ. ಶಾಸನದ ಕಾಲ 634. ಗೈಡಿನಲ್ಲಿ ಅಂಕೆಗಳು ಹಿಂದುಮುಂದಾಗಿ ಅಚ್ಚಾಗಿದ್ದವು. ಪುಲಿಕೇಶಿ ಹುಟ್ಟುವುದಕ್ಕೂ ಎರಡು ಶತಮಾನಕ್ಕೂ ಹೆಚ್ಚು ಮೊದಲು ಅವನ ದಿಗ್ವಿಜಯವನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆಂದು ಇಪ್ಪತ್ತಾರು ಮಂದಿ ಬರೆದುಕೊಟ್ಟಿದ್ದೆವು. ಅದೇ ಉತ್ತರದಲ್ಲಿ ಎರಡು ಸಾಲು ಮೇಲೆ ಅವನು 610ರ ಸುಮಾರಿಗೆ ಪಟ್ಟಕ್ಕೆ ಬಂದನೆಂದೂ ಬರೆದಿದ್ದೆವು. ಮೇಡಂ ಸಿಟ್ಟು ಮಾಡಲಿಲ್ಲ. “ಇಷ್ಟೂ ಮಂದಿ ಬರದೀರಿ, ಒಬ್ಬರೂ ಓದಿಲ್ಲ” ಎಂದರು, ಅಷ್ಟೇ.

ಆ ಮಾತು ನನಗೆ ನಾಟಿತು ಎಂದರೆ ಸುಳ್ಳಾಗುತ್ತದೆ. ಆ ಕ್ಷಣ ಗೈಡಿನ ಪ್ರಕಾಶಕರ ಮೇಲೆ ಸಿಟ್ಟು ಬಂತು, ಹಣ ವ್ಯರ್ಥವಾಯಿತೆಂದು. ಓದುವುದೆಂದರೆ ಬರೆದದ್ದನ್ನು ತಡೆದು ಕೇಳುವುದೂ ಹೌದು ಎಂಬುದು ತಲೆಗೆ ಹೋಗಲು ಇನ್ನೂ ಒಂದು ವರ್ಷ ಬೇಕಾಯಿತು. ಮೊದಲ ಸೆಮಿಸ್ಟರಿನಲ್ಲಿ ಇತಿಹಾಸದ ಒಂದು ಪತ್ರಿಕೆಯಲ್ಲಿ ಅರವತ್ತಕ್ಕೆ ಮೂವತ್ತೊಂದು ಬಂತು. ಸುಲಭವೆಂದುಕೊಂಡ ವಿಷಯದಲ್ಲಿ ಕಡಿಮೆ ಅಂಕ ಬಂದದ್ದು ಮನೆಯವರಿಗೆ ಹೇಳಲಿಕ್ಕೂ ಮುಜುಗರದ ಸಂಗತಿಯಾಗಿತ್ತು, ಏಕೆಂದರೆ ಇಲ್ಲಿ ಭೌತಶಾಸ್ತ್ರದ ನೆಪವೂ ಇರಲಿಲ್ಲ.

ಕನ್ನಡದ ತರಗತಿಯಲ್ಲಿ ಆದದ್ದು ಬೇರೆ. ಕನ್ನಡದ ಸರ್ ಮೊದಲ ದಿನವೇ ಹಳಗನ್ನಡದ ನಾಲ್ಕು ಸಾಲುಗಳನ್ನು ಹಲಗೆಯ ಮೇಲೆ ಬರೆದರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಪದ್ಯ ಅದು: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕರ ನಡುವಣ ನಾಡೇ ಕನ್ನಡದ ತಿರುಳು ಎನ್ನುತ್ತದೆ. ಕಿಸುವೊಳಲೆಂದರೆ ಪಟ್ಟದಕಲ್ಲು, ಕೊಪಣ ಕೊಪ್ಪಳ, ಪುಲಿಗೆರೆ ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಒಂಕುಂದ ಬೆಳಗಾವಿ ಜಿಲ್ಲೆಯ ಒಕ್ಕುಂದ. ಲಕ್ಷ್ಮೇಶ್ವರದಲ್ಲಿ ನನ್ನ ಚಿಕ್ಕಮ್ಮನ ಮನೆಯಿದೆ. ಸರ್ ಅದನ್ನು ಹೇಗೋ ತಿಳಿದವರಂತೆ ನನ್ನನ್ನೇ ಎಬ್ಬಿಸಿ, “ನಿಮ್ಮ ಕಡೆ ಕನ್ನಡ ಮಾತಾಡಿ ತೋರಿಸವಾ” ಎಂದರು. ನಾನು ಪುಸ್ತಕದ ಕನ್ನಡದಲ್ಲಿ ಏನೋ ತೊದಲಿದೆ. “ಅದಲ್ಲ, ಮನ್ಯಾಗ ಮಾತಾಡೋದು.” ತರಗತಿ ನಕ್ಕಿತು. ಹೈಸ್ಕೂಲಿನಲ್ಲಿ ‘ಐತಿ’, ‘ಹೋಗಂಗಿಲ್ಲ’ ಎಂದು ಬರೆದರೆ ಕೆಂಪು ಗೆರೆ ಬೀಳುತ್ತಿತ್ತು. ಇಲ್ಲಿ ಸರ್ ನನ್ನ ಬಾಯಿಂದ ಬಂದ ಒಂದೊಂದು ರೂಪವನ್ನೂ ಹಲಗೆಯ ಮೇಲೆ ಬರೆದು, ಇದರ ಹಿಂದಿನ ರೂಪ ಯಾವುದಿದ್ದೀತು ಎಂದು ಎಲ್ಲರನ್ನೂ ಕೇಳುತ್ತ ಹೋದರು. ನಮ್ಮ ಮಾತು ಹಳಗನ್ನಡಕ್ಕೆ ಹತ್ತಿರವೆಂದು ಎದೆಯುಬ್ಬಿಸಿಕೊಳ್ಳುವವರು ಉತ್ತರ ಕರ್ನಾಟಕದಲ್ಲಿ ಬಹಳ ಮಂದಿ ಇದ್ದಾರೆ; ಸರ್ ಅಂಥವರಲ್ಲ. ಪ್ರತಿಯೊಂದು ಸೀಮೆಯ ಮಾತೂ ಒಂದಷ್ಟನ್ನು ಉಳಿಸಿಕೊಂಡು ಒಂದಷ್ಟನ್ನು ಕಳೆದುಕೊಂಡಿರುತ್ತದೆ, ಯಾವುದನ್ನು ಕಳೆದುಕೊಂಡಿದೆ ಎಂಬುದನ್ನೂ ನೋಡಬೇಕು ಎನ್ನುತ್ತಿದ್ದರು.

ಎರಡನೆಯ ಸೆಮಿಸ್ಟರಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ರೈತರ ಮಕ್ಕಳ ವಿದ್ಯಾರ್ಥಿವೇತನವಾದ ರೈತ ವಿದ್ಯಾನಿಧಿಯಿಂದ 5,500 ರೂಪಾಯಿ ಖಾತೆಗೆ ಬಂತು, ಅದರಲ್ಲಿ ಒಂದು ಹಳಗನ್ನಡ ನಿಘಂಟು, ಒಂದು ಜೊತೆ ಚಪ್ಪಲಿ ಕೊಂಡೆ, ಉಳಿದದ್ದನ್ನು ಅವ್ವನ ಕೈಗೆ ಕೊಟ್ಟೆ. ಗೈಡಿನಿಂದಲೇ ಬರೆದು, ಮೊದಲಿಗಿಂತ ಸ್ವಲ್ಪ ಹೆಚ್ಚು ಅಂಕ ತೆಗೆದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ಹಣ ಇಲ್ಲದಂತಾಯಿತು. ಅದುವರೆಗೆ ಎರಡು ತಿಂಗಳಿಗೊಮ್ಮೆ ಊರಿಗೆ ಹೋಗುತ್ತಿದ್ದವಳು ಆಧಾರ್ ಕಾರ್ಡು ತೋರಿಸಿ ಹದಿನೈದು ದಿನಕ್ಕೊಮ್ಮೆ ಹೋಗಿಬರತೊಡಗಿದೆ. ಇದನ್ನು ಇಲ್ಲಿ ಹೇಳಲು ಕಾರಣವಿದೆ: ಆ ಶೂನ್ಯ ಟಿಕೆಟ್ಟುಗಳಿಲ್ಲದಿದ್ದರೆ ಮುಂದೆ ಹೇಳುವ ಕಲ್ಲಿನ ಮುಂದೆ ನಾನು ಅಷ್ಟು ಸಲ ಕೂರುತ್ತಿರಲಿಲ್ಲ.

ಎರಡನೆಯ ವರ್ಷದ ಆರಂಭದಲ್ಲಿ ಕನ್ನಡ ಮತ್ತು ಇತಿಹಾಸದ ವಿದ್ಯಾರ್ಥಿಗಳನ್ನು ಒಟ್ಟುಗೂಡಿಸಿ ಲಕ್ಕುಂಡಿಗೆ ಕರೆದೊಯ್ದರು. ಗದಗದಿಂದ ಹತ್ತು–ಹನ್ನೆರಡು ಕಿಲೋಮೀಟರ್. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆಯ ಮುಂದೆ ಎಲ್ಲರೂ ಸೆಲ್ಫಿ ತೆಗೆದುಕೊಂಡೆವು, ಮುಸುಕಿನ ಬಾವಿಯ ಮೆಟ್ಟಿಲುಗಳಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಬಳಿ ಸರ್ ಅವಳ 1007ರ ಶಾಸನದ ಬಗ್ಗೆ ಹೇಳುತ್ತ, ಪಠ್ಯದಲ್ಲಿ ‘ದಾನಚಿಂತಾಮಣಿ’ ಎಂಬ ಬಿರುದನ್ನಷ್ಟೇ ಓದಿದ ನಮಗೆ ಅದರ ಮೂಲ ಎಲ್ಲಿದೆ ಎಂದು ವಿವರಿಸಿದರು. ಬಳಿಕ ಬೇರೊಂದು ಕಲ್ಲಿನ ಮುಂದೆ ನಿಲ್ಲಿಸಿ, “ಮೊದಲನೇ ಸಾಲು ಓದ್ರಿ” ಎಂದರು. ಯಾರಿಗೂ ಒಂದಕ್ಷರವೂ ಹತ್ತಲಿಲ್ಲ. ಕನ್ನಡದ ಕಲ್ಲು, ಕನ್ನಡದ ವಿದ್ಯಾರ್ಥಿಗಳು, ನಡುವೆ ಗೋಡೆ. ಸರ್ ಸಾಲಿನ ಮೇಲೆ ಬೆರಳು ಸರಿಸುತ್ತ ‘ಸ್ವಸ್ತಿ ಸಮಸ್ತಭುವನಾಶ್ರಯ’ ಎಂದು ಉಚ್ಚರಿಸಿದಾಗ, ಬೆರಳಿನ ಹಿಂದೆ ಹಿಂದೆಯೇ ಅಕ್ಷರಗಳು ಕತ್ತಲಿಂದ ಬರುವವರ ಮುಖದಂತೆ ಒಂದೊಂದಾಗಿ ಗುರುತು ಸಿಕ್ಕವು. ಮುಂದಿನ ‘ಶ್ರೀಪೃಥ್ವೀವಲ್ಲಭ’ವನ್ನು ನಾನೇ ಓದಿದೆ. ಊಹಿಸಿ ಓದಿದ್ದೋ ಕಂಡು ಓದಿದ್ದೋ ಈಗಲೂ ಹೇಳಲಾರೆ.

ಆ ವರ್ಷದ ನವೆಂಬರ್ ಕೊನೆಗೆ ಅತಿಥಿ ಉಪನ್ಯಾಸಕರು ಸೇವಾ ಖಾಯಮಾತಿಗಾಗಿ ರಾಜ್ಯದಾದ್ಯಂತ ತರಗತಿಗಳನ್ನು ಬಹಿಷ್ಕರಿಸಿದರು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಆಗ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಅತಿಥಿ ಉಪನ್ಯಾಸಕರಿದ್ದರು. ಅವರು ನಿಂತರೆ ಕಾಲೇಜೇ ನಿಂತಂತೆ. ನಮ್ಮ ಇತಿಹಾಸದ ಮೇಡಂ ಕೂಡ ಅತಿಥಿ ಉಪನ್ಯಾಸಕಿ ಎಂಬುದು ನನಗೆ ತಿಳಿದದ್ದೇ ಆಗ. ಪ್ರತಿಭಟನೆಯ ಟೆಂಟಿನಲ್ಲಿ ಚಾಪೆಯ ಮೇಲೆ ಕುಳಿತಿದ್ದ ಅವರನ್ನು ಕಂಡು ಮಾತಾಡಿಸಲು ಹೋದಾಗ, “ನೀ ಯಾಕ ಬಂದಿ, ಲೈಬ್ರರಿಗೆ ಹೋಗು” ಎಂದು ಗದರಿದರು. ಹದಿಮೂರು ವರ್ಷದಿಂದ ಪಾಠ ಹೇಳುತ್ತಿದ್ದವರು, ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ ಬರುತ್ತಿದ್ದರು. ನಮ್ಮ ಉತ್ತರಪತ್ರಿಕೆಗಳನ್ನು ಅಷ್ಟು ಕಟ್ಟುನಿಟ್ಟಾಗಿ ನೋಡುತ್ತಿದ್ದವರಿಗೆ ಅದನ್ನು ನೋಡಲೇಬೇಕೆಂಬ ಒತ್ತಾಯವಾಗಲಿ ತಕ್ಕ ಸಂಬಳವಾಗಲಿ ಇರಲಿಲ್ಲ. ಆ ದಿನ 364 ಎಂದು ಬರೆದದ್ದಕ್ಕೆ ಮೊದಲ ಬಾರಿ ನಾಚಿಕೆಯಾಯಿತು, ಒಂದು ವರ್ಷ ತಡವಾಗಿ.

ತರಗತಿಗಳಿಲ್ಲದ ಆ ವಾರಗಳಲ್ಲಿ ಕನ್ನಡದ ಸರ್ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಬಂದವರಿಗೆ ಶಾಸನ ಓದುವುದನ್ನು ಕಲಿಸಿದರು. ಬಂದವರು ಐದು ಮಂದಿ, ಕೊನೆಗೆ ಉಳಿದವರು ಮೂವರು. ಕಲ್ಯಾಣದ ಚಾಲುಕ್ಯರ ಕಾಲದ ಲಿಪಿ ಇಂದಿನ ಕನ್ನಡಕ್ಕೆ ಸಾಕಷ್ಟು ಹತ್ತಿರದ್ದು, ತಾಳ್ಮೆಯಿದ್ದರೆ ಕೈಗೆ ಬರುತ್ತದೆ ಎಂದು ಅಲ್ಲಿಂದಲೇ ಶುರುಮಾಡಿದರು. ಮೊದಲು ತಲೆಕಟ್ಟು ನೋಡಬೇಕು, ಆಮೇಲೆ ಒಡಲು, ಆಮೇಲೆ ಒತ್ತು. ಪದಗಳ ನಡುವೆ ಜಾಗವಿಲ್ಲ, ಸಾಲು ಮುಗಿದಲ್ಲಿ ಪದ ಮುಗಿಯಬೇಕೆಂಬ ನಿಯಮವಿಲ್ಲ. ಈಗ ನಾವು ಬಿಟ್ಟುಬಿಟ್ಟಿರುವ ೞ, ಱ ಎಂಬ ಅಕ್ಷರಗಳು ಅಲ್ಲಿ ಇನ್ನೂ ಜೀವಂತವಾಗಿವೆ. ಕಲ್ಲಿನ ಮೇಲೆ ನೀರು ಹಾಕಿ ಮೆತ್ತನೆಯ ಬ್ರಷ್ಷಿನಿಂದ ತೊಳೆಯುವುದು, ಒದ್ದೆ ಕಾಗದವನ್ನು ಅಂಟಿಸಿ ಬ್ರಷ್ಷಿನಿಂದ ಬಡಿಬಡಿದು ಅಕ್ಷರದ ಗುಳಿಗಳೊಳಗೆ ಇಳಿಸುವುದು, ಕಾಗದ ಅರೆ ಒಣಗಿದಾಗ ಮಸಿಯ ಉಂಡೆಯನ್ನು ಹಗುರಾಗಿ ತಟ್ಟುವುದು; ಆಗ ಕಲ್ಲಿನ ಮೈ ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ಉಳಿದುಕೊಳ್ಳುತ್ತವೆ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಒಂದು ದಿನ ಕರೆದೊಯ್ದು ಶಾಸನಗಳನ್ನೂ ವೀರಗಲ್ಲುಗಳನ್ನೂ ತೋರಿಸಿದರು. 1939ರಲ್ಲಿ ಆರಂಭವಾದ ಆ ಸಂಸ್ಥೆ ವಿಶ್ವವಿದ್ಯಾಲಯಕ್ಕಿಂತ ಹಳೆಯದು. ವೀರಗಲ್ಲಿನ ಕೆಳಗಿನ ಹಂತದಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಕೈಲಾಸ. ಇಂಥ ಕಲ್ಲುಗಳ ಮೇಲೆ ಕುಳಿತು ನಾವು ಸಣ್ಣವರಿದ್ದಾಗ ಕವಡೆ ಆಡುತ್ತಿದ್ದೆವೆಂದು ನಾನು ಹೇಳಿದೆ. ಸರ್ ತಟ್ಟನೆ ತಿರುಗಿ, “ಎಲ್ಲಿ?” ಎಂದರು.

ನಮ್ಮ ಊರಿನ ಹನುಮಪ್ಪನ ಗುಡಿಯ ಎಡಮಗ್ಗುಲಿಗೆ ಎದೆಮಟ್ಟದ ಒಂದು ಕಲ್ಲು ಗೋಡೆಗೆ ಒರಗಿ ನಿಂತಿದೆ. ಮೇಲ್ತುದಿಯಲ್ಲಿ ನಡುವೆ ಲಿಂಗ, ಎಡಬಲಕ್ಕೆ ಸೂರ್ಯ ಚಂದ್ರ, ಆಕಳು ಕರು; ಕೆಳಗೆಲ್ಲ ಬರಹ. ಶನಿವಾರ ಶನಿವಾರ ಆಯಿ ಹನುಮಪ್ಪನಿಗೆ ದೀಪ ಹಚ್ಚಿ, ಉಳಿದ ಎಣ್ಣೆಯನ್ನು ಆ ಕಲ್ಲಿಗೂ ಸವರುತ್ತಾಳೆ. ಆದ್ದರಿಂದ ಅದರ ಮೇಲಿನ ಭಾಗ ಎಣ್ಣೆಯ ಜಿಡ್ಡಿನಿಂದ ಕಪ್ಪಾಗಿ ಮುಚ್ಚಿಹೋಗಿತ್ತು. ಅದನ್ನು ಸ್ವಚ್ಛ ಮಾಡಲು ಆಯಿಯ ಅಪ್ಪಣೆ ಪಡೆಯುವುದೇ ದೊಡ್ಡ ಕೆಲಸವಾಯಿತು. “ದೇವರ ಮೈ ತಿಕ್ಕತೀನಂತ ಬಂದೀಯೇನ?” ಎಂದಳು. ಜಳಕ ಮಾಡಿಸುತ್ತೇನೆ ಎಂದ ಮೇಲೆ ಒಪ್ಪಿದಳು. ಬಿಸಿನೀರು, ಶೀಗೆಪುಡಿ, ತೆಂಗಿನ ನಾರು. ಲೋಹದ ಬ್ರಷ್ಷು ಮುಟ್ಟಿಸಬೇಡವೆಂದು ಸರ್ ಮೊದಲೇ ಎಚ್ಚರಿಸಿದ್ದರು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಎಂಟು ಸಲ ಅದರ ಮುಂದೆ ಕುಳಿತೆ. ನಡುಮಧ್ಯಾಹ್ನ ಏನೂ ಕಾಣುವುದಿಲ್ಲ; ಸೂರ್ಯ ಓರೆಯಾಗಿರುವ ಬೆಳಿಗ್ಗೆ ಏಳರಿಂದ ಎಂಟರವರೆಗೆ, ಇಲ್ಲವೇ ಕತ್ತಲಾದ ಮೇಲೆ ನನ್ನ ತಮ್ಮ ಪಕ್ಕದಿಂದ ಮೊಬೈಲಿನ ಟಾರ್ಚು ಹಿಡಿದಾಗ ಅಕ್ಷರಗಳ ಗುಳಿಗಳಿಗೆ ನೆರಳು ತುಂಬಿ ಎದ್ದು ಬರುತ್ತಿದ್ದವು. ಓಣಿಯ ಮಂದಿ ಬಂದು ನಿಲ್ಲುತ್ತಿದ್ದರು. ನಿಧಿ ಎಲ್ಲಿದೆ ಎಂದು ಬರೆದಿದೆಯೇ ಎನ್ನುವುದು ಎಲ್ಲರ ಪ್ರಶ್ನೆ.

‘ಸತ್ಯಾಶ್ರಯಕುಳತಿಳಕಂ ಚಾಳುಕ್ಯಾಭರಣಂ’ ಎಂಬವರೆಗೆ ಪ್ರಶಸ್ತಿಯ ಭಾಗ ಬಾಯಿಪಾಠದಂತೆ ಬಂತು, ಏಕೆಂದರೆ ಅದು ಚಾಲುಕ್ಯರ ನೂರಾರು ಶಾಸನಗಳಲ್ಲಿ ಒಂದೇ ರೀತಿ ಇರುತ್ತದೆ. ಅದರ ನಂತರ ‘ತ್ರಿಭುವನಮಲ್ಲದೇವರ’ ಎಂದಿತ್ತು. ತ್ರಿಭುವನಮಲ್ಲನೆಂದರೆ ಆರನೆಯ ವಿಕ್ರಮಾದಿತ್ಯ. ಅವನು 1076ರಲ್ಲಿ ಪಟ್ಟವೇರಿ ಶಕವರ್ಷವನ್ನು ಬಿಟ್ಟು ತನ್ನದೇ ಚಾಲುಕ್ಯ ವಿಕ್ರಮ ವರ್ಷವನ್ನು ಆರಂಭಿಸಿದವನು. ವರ್ಷದ ಅಂಕೆಯಿದ್ದ ಜಾಗದಲ್ಲಿ ಚಕ್ಕೆ ಎದ್ದಿತ್ತು. ಮುಂದೆ ‘ವ್ಯಯ ಸಂವತ್ಸರದ’ ಎಂಬುದು ಮಾತ್ರ ಸ್ಪಷ್ಟ. ಅಲ್ಲಿಗೆ ನಿಲ್ಲಬೇಕಾಯಿತು ಎಂದುಕೊಂಡು ಎದ್ದವಳು, ಮನೆಯ ಪಡಸಾಲೆಯಲ್ಲಿ ತೂಗುಹಾಕಿದ್ದ ಪಂಚಾಂಗದ ಕ್ಯಾಲೆಂಡರನ್ನು ನೋಡಿ ಮತ್ತೆ ಕುಳಿತೆ. ಸಂವತ್ಸರಗಳು ಅರವತ್ತು. ಅವನ ಆಳ್ವಿಕೆ ಸುಮಾರು ಐವತ್ತು ವರ್ಷ, 1126ರವರೆಗೆ. ಅಂದರೆ ಯಾವ ಸಂವತ್ಸರವೂ ಅವನ ಕಾಲದಲ್ಲಿ ಎರಡು ಸಲ ಬರಲು ಸಾಧ್ಯವಿಲ್ಲ. ತಮ್ಮ ಹುಟ್ಟಿದ 2006–07 ವ್ಯಯ ಸಂವತ್ಸರವೆಂದು ಅವನ ಜಾತಕದಲ್ಲಿತ್ತು. ಅಲ್ಲಿಂದ ಅರವತ್ತರಂತೆ ಹಿಂದಕ್ಕೆ ಎಣಿಸಿದರೆ ಹದಿನೈದನೆಯ ಸುತ್ತಿಗೆ 1106–07. ವಿಕ್ರಮ ವರ್ಷದ ಮೂವತ್ತೊಂದು. ಭೌತಶಾಸ್ತ್ರದ ಎರಡು ವರ್ಷದಲ್ಲಿ ಒಂದು ಲೆಕ್ಕವನ್ನೂ ಇಷ್ಟು ಖುಷಿಯಿಂದ ಮಾಡಿರಲಿಲ್ಲ. ನಮ್ಮ ಊರಿನ ಕಲ್ಲನ್ನು ಮೊದಲು ಓದಿದವಳು ನಾನೇ ಎಂಬ ಬೀಗು ಬೇರೆ.

ಆ ಬೀಗು ಹೆಚ್ಚು ದಿನ ಉಳಿಯಲಿಲ್ಲ. ನನ್ನ ಪ್ರತಿಯನ್ನು ನೋಡಿದ ಸರ್ ಒಂದೂ ಮಾತಾಡದೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಪರಿಚಯದ ಚೀಟಿ ಬರೆದುಕೊಟ್ಟು, ಬಾಂಬೆ–ಕರ್ನಾಟಕ ಶಾಸನಗಳ ಸಂಪುಟಗಳಲ್ಲಿ ಊರಿನ ಹೆಸರು ಹುಡುಕಲು ಹೇಳಿದರು. ಮೇ ತಿಂಗಳ ಬಿಸಿಲಿನಲ್ಲಿ ವಿಶ್ವವಿದ್ಯಾಲಯವಿರುವ ಛೋಟಾ ಮಹಾಬಳೇಶ್ವರ ಗುಡ್ಡದ ಏರು ಹತ್ತಿ ಹೋದೆ. ಅದೇ ವಾರ ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು 2024–25ರಿಂದ ಮತ್ತೆ ಮೂರು ವರ್ಷಕ್ಕೆ ಮರಳುವ ಆದೇಶ ಹೊರಡಿಸಿತ್ತು, ಕ್ಯಾಂಪಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಈಗಾಗಲೇ ಸೇರಿದ ನಮಗೆ ನಾಲ್ಕನೆಯ ವರ್ಷವನ್ನು ಮುಂದುವರಿಸುವ ಅವಕಾಶ ಇಟ್ಟಿದ್ದರು. ಎರಡನೆಯ ಸಂಪುಟದಲ್ಲಿ ನಮ್ಮ ಊರು ಸಿಕ್ಕಿತು. ಯಾರೋ ಶಾಸನ ಇಲಾಖೆಯವರು ನನ್ನ ಅಜ್ಜ ಸಣ್ಣವನಿದ್ದ ಕಾಲದಲ್ಲಿಯೇ ಬಂದು, ಹನುಮಂತನ ಗುಡಿಯ ಬಳಿ ನಿಂತಿರುವ ಕಲ್ಲು ಎಂದು ಗುರುತು ಮಾಡಿ, ಅಚ್ಚು ತೆಗೆದುಕೊಂಡು ಹೋಗಿದ್ದರು. ಊರಿನಲ್ಲಿ ಯಾರಿಗೂ ಅದರ ನೆನಪಿಲ್ಲ.

ಸಂಪುಟದ ಪಾಠವನ್ನು ನನ್ನ ನೋಟುಪುಸ್ತಕದ ಪಕ್ಕಕ್ಕಿಟ್ಟು ಸಾಲುಸಾಲಾಗಿ ಹೋಲಿಸಿದೆ. ನನ್ನದರಲ್ಲಿ ಹದಿನೇಳು ತಪ್ಪುಗಳಿದ್ದವು. ವಕಾರವನ್ನು ಪಕಾರವೆಂದು ಓದಿದ್ದು ಆರು ಕಡೆ. ವರ್ಷದ ಅಂಕೆ ಅಲ್ಲಿ ಪೂರ್ಣವಾಗಿತ್ತು: ಮೂವತ್ತೊಂದನೆಯ ವ್ಯಯ ಸಂವತ್ಸರ. ಪಕ್ಕದ ಮೇಜಿನಲ್ಲಿ ಓದುತ್ತಿದ್ದವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕೆನಂತೆ. ಆಮೇಲೆ ಕೊನೆಯ ಐದು ಸಾಲುಗಳಿಗೆ ಬಂದೆ. ನನ್ನ ನೋಟುಪುಸ್ತಕದಲ್ಲಿ ಅಲ್ಲಿ ಬರೀ ಚುಕ್ಕೆಗಳಿದ್ದವು, ಏಕೆಂದರೆ ಕಲ್ಲಿನ ಆ ಭಾಗದಲ್ಲಿ ಅಕ್ಷರಗಳೇ ಇಲ್ಲ. ಬಲಗಡೆಯ ಅಂಚು ಕೈಯಿಂದ ಸವರಿದರೆ ಜಾರುವಷ್ಟು ನುಣುಪಾಗಿ, ನಡುವೆ ತಗ್ಗು ಬಿದ್ದಿದೆ. ಸಂಪುಟದಲ್ಲಿ ಆ ಐದು ಸಾಲುಗಳು ಬಹುಮಟ್ಟಿಗೆ ಉಳಿದಿದ್ದವು. ದೇವರ ನಂದಾದೀವಿಗೆಗೆ ಊರಿನ ಗಾಣದಿಂದ ಒಂದು ಸೊಲ್ಲಗೆ ಎಣ್ಣೆ, ಪೂದೋಂಟಕ್ಕೆ ಎಂದರೆ ಹೂದೋಟಕ್ಕೆ ಒಂದು ಮತ್ತರು ಭೂಮಿ, ಕೊನೆಗೆ ಈ ಧರ್ಮವನ್ನು ಅಳಿದವರು ವಾರಣಾಸಿಯಲ್ಲಿ ಸಾವಿರ ಕವಿಲೆ ಆಕಳುಗಳನ್ನು ಕೊಂದ ಪಾಪಕ್ಕೆ ಹೋಗುವರೆಂಬ ಶಾಪ.

ಆ ವಾರದ ಕೊನೆಗೆ ಊರಿಗೆ ಹೋಗಿ, ರಾತ್ರಿ ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಓದಿ ಹೇಳಿದೆ. ಗಾಣದ ಎಣ್ಣೆಯ ಮಾತು ಕೇಳಿ ಆಯಿ, “ನಾ ಹೇಳಿಲ್ಲೇನ, ಎಣ್ಣಿ ಹಾಕಬೇಕಂತ ಅದಕ ಬರದಾರ” ಎಂದು ತನ್ನ ಕಡೆಯೇ ತೀರ್ಪು ಕೊಟ್ಟುಕೊಂಡಳು. ಮತ್ತರು ಎಂದರೆ ಎಷ್ಟು ಎಕರೆಯಾದೀತು, ಆ ಹೊಲ ಈಗ ಯಾರದಿದ್ದೀತು ಎಂದು ಕಾಕಾ ಕೇಳಿದರು. ಊರೂರಿಗೆ ಅಳತೆಯ ಕೋಲು ಬೇರೆ ಬೇರೆ ಇತ್ತೆಂದು ನಾನು ಹೇಳಿದ್ದು ಅವರಿಗೆ ಸಮಾಧಾನ ತರಲಿಲ್ಲ. ಅಪ್ಪ ಮಾತ್ರ ಸುಮ್ಮನೆ ಕೇಳುತ್ತಿದ್ದವರು, ಬಲಗಡೆಯ ಅಕ್ಷರಗಳು ಎಲ್ಲಿ ಹೋದವು ಎಂದು ಕೇಳಿದರು. ನುಣುಪಾಗಿರುವ ಜಾಗವನ್ನು ನಾನು ವರ್ಣಿಸಿದೆ. ಅವರು ಸ್ವಲ್ಪ ಹೊತ್ತು ಅಂಗಳದ ಕಡೆ ನೋಡುತ್ತಿದ್ದರು. ಬಾಗಿಲಿನ ಪಕ್ಕ, ಗೋಡೆಯ ಗೂಟಕ್ಕೆ ಎರಡು ಕುಡಗೋಲುಗಳು ತೂಗುತ್ತಿದ್ದವು.

“ಸುಗ್ಗಿಯೊಳಗ ಎಲ್ಲಾರೂ ಅಲ್ಲೇ ಮಸೀತಿದ್ವಿ,” ಎಂದರು. “ನಿಮ್ಮ ಅಜ್ಜನೂ ಅಲ್ಲೇ. ಛಲೋ ಹದ ಬರ್ತಿತ್ತು.”